ಚಿತ್ರದಲ್ಲಿ ಕಾಲು ಹಿಡಿದವನು

ಸಂತೆಯಲ್ಲಿ ಹೊಸ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟೇ ಬರುತ್ತದೆ.

ಘೋಡಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಪಟ ತೂಗುಹಾಕಿತ್ತು. ಹೆಂಡತಿಯನ್ನು ಹೊಡೆದು ಹೊರಗಟ್ಟಿದ್ದ ಗಂಡ ಅದರಲ್ಲಿ ಅವಳ ಕಾಲು ಹಿಡಿದು ಅಳುತ್ತಿದ್ದ. ಕಣ್ಣೀರಿನ ಹನಿಗಳು ಜೋಳದ ಕಾಳಿನಷ್ಟು ದಪ್ಪ. ಅವಳು ಅವನ ತಲೆಯ ಮೇಲೆ ಕೈಯಿಟ್ಟಿದ್ದಳು. ಕೆಳಗೆ ‘ಪಶ್ಚಾತ್ತಾಪ’ ಎಂದು ಬರೆದಿತ್ತು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಜ್ಜ ಅದೇ ಪಟದ ಕೆಳಗೆ ಕಂಬಳಿ ಹಾಸಿದ. ಕುರಿ ಕಾಯುವ ನಮ್ಮ ಮನೆತನದಲ್ಲಿ ಕಂಬಳಿಯ ಮೇಲೆ ಕೂತು ಆಡಿದ ಮಾತನ್ನು ಯಾರೂ ಮೀರುವಂತಿರಲಿಲ್ಲ. ಕಾಕಾ ಹೊಡೆದು ಕೈ ಮುರಿದಿದ್ದಕ್ಕೆ ನಾಗನೂರಿನ ತವರಿಗೆ ಹೋಗಿದ್ದ ಅವನ ಹೆಂಡತಿ ಚಿಗವ್ವನನ್ನು ಕರೆಸಿದ್ದರು. ಕಾಕಾ ಹಿರಿಯರ ಬಾಜೂ ಕಂಬಳಿಯ ಮೇಲೆ ಕೂತ. ಚಿಗವ್ವ ಬರಿಯ ನೆಲದ ಮೇಲೆ ನಿಂತಿದ್ದಳು. ಮುರಿದ ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು.

“ಗಂಡನ ಕಾಲಿಗೆ ಬೀಳವಾ. ಮನಿ ಬಿಟ್ಟು ಹೋದದ್ದು ತಪ್ಪಾತು ಅನ್ನು,” ಎಂದ ಅಜ್ಜ.

“ಎರಡೂ ಕೈ ಕೂಡಂಗಿಲ್ರಿ ಮಾವಾರ.”

“ಒಂದ ಕೈಲೆ ಮುಟ್ಟು, ನಡೀತೈತಿ.”

ನಾನು ಪಟದ ಕಡೆ ಬೆರಳು ಮಾಡಿ, “ಅಜ್ಜಾ, ಅದರಾಗ ಗಂಡ ಕಾಲ ಹಿಡದಾನಲ್ಲ?” ಎಂದೆ. ಅಜ್ಜಿ ನನ್ನ ಬಾಯಿ ಮುಚ್ಚಿದಳು.

ಚಿಗವ್ವ ಬಗ್ಗಿದಳು. ಕಾಕಾ ದೊಡ್ಡ ಮನಸ್ಸು ಮಾಡಿ, “ಹೋಗ್ಲಿ ಬಿಡ್ರಿ,” ಎಂದು ಅವಳನ್ನು ಕ್ಷಮಿಸಿದ.

ಎಲ್ಲರೂ ಉಣ್ಣಲು ಒಳಗೆ ಹೋದ ಮೇಲೆ ಕಂಬಳಿ ಮಡಚಲು ನಾವಿಬ್ಬರೇ ಉಳಿದೆವು. ಚಿಗವ್ವ ಪಟವನ್ನು ಬಹಳ ಹೊತ್ತು ನೋಡಿದಳು.

“ಇದನ್ನ ಬರದಾಂವ ನಮ್ಮೂರ ಕಡೆ ಬಂದಾಂವ ಅಲ್ಲ ಬಿಡವಾ,” ಎಂದಳು.