ಲಿಂಕಿನ ಕೆಳಗಿನ ಸಾಲು

ಕಳಿಸಿದ ಮೇಲೆಯೇ ಶೈಲಶ್ರೀ ಗಮನಿಸಿದಳು. ಲಿಂಕಿನ ಜೊತೆ ಫೋಟೊ ಒಂದೇ ಅಲ್ಲ, ಬರಹದ ಮೊದಲ ಸಾಲುಗಳೂ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಗಿದ್ದವು: 'ಹೋದ ವರ್ಷದಿಂದ ನನ್ನ ಎಡಗಿವಿ ಕೇಳಿಸುತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ.'

ತನ್ನ ವೆಬ್‌ಸೈಟಿನಲ್ಲಿ ಏನು ಬರೆದರೂ ಅವಳು ಲಿಂಕನ್ನು ಗ್ರೂಪಿಗೆ ಹಾಕುತ್ತಿದ್ದಳು. ಬರೀ ನೀಲಿ ಅಕ್ಷರಗಳು. ಯಾರೂ ಒತ್ತಿ ನೋಡುತ್ತಿರಲಿಲ್ಲ. ಆ ಧೈರ್ಯದಲ್ಲೇ ಎಲ್ಲವನ್ನೂ ಬರೆದಿದ್ದಳು. ಲಿಂಕಿನೊಳಗೆ ಏನಿದೆಯೆಂದು ಹೊರಗೇ ಕಾಣುವಂತೆ ಮಾಡುವುದನ್ನು ಇವತ್ತು ಕಲಿತು, ಸರಿಯಾಗಿದೆಯೇ ಎಂದು ನೋಡಲು ಹೊಸ ಬರಹವನ್ನು ಕಳಿಸಿದ್ದಳು.

ಅಳಿಸಲೆಂದು ಬೆರಳಿಟ್ಟಳು. ಅಷ್ಟರಲ್ಲಿ ಎಡಕ್ಕೆ ಕೂತು ಚಹಾ ಕುಡಿಯುತ್ತಿದ್ದ ಗಂಡ ಮಹೇಶಕುಮಾರ ತನ್ನ ಫೋನಿನಿಂದ ತಲೆ ಎತ್ತಿದ. ಅವನ ತುಟಿ ಅಲುಗಿದ್ದಷ್ಟೇ ಅವಳಿಗೆ ಕಂಡಿತು.

"ಏನಂದ್ರಿ?" ಎಂದಳು.

ಅವನು ಎದ್ದು ಬಂದು ಅವಳ ಬಲಕ್ಕೆ ಕೂತ.

"ಕರದ್ರ ಓ ಅನ್ನಂಗಿಲ್ಲ, ತಿರುಗಿ ಸುದ್ದಾ ನೋಡಂಗಿಲ್ಲ," ಎಂದ. "ನನ್ನ ಮ್ಯಾಲ ನಿನಗ ಭಾಳ ಸಿಟ್ಟದ ಅಂತ ತಿಳಕೊಂಡಿದ್ನಲ್ಲ, ಶೈಲಾ."