ಲಕ್ಕಯ್ಯ ನೋಡದ ಉರಿ

ಒಲೆ ಹೊತ್ತಿಸಿದ್ದೇ ತಡ, ಹೊಗೆ ಕೊಳವೆ ಏರುವುದು ಬಿಟ್ಟು ನಂಜಮ್ಮನ ಮುಖಕ್ಕೇ ನುಗ್ಗಿತು. ಮೂರು ದಿನದಿಂದ ಇದೇ ಪಾಡು. ಕಟ್ಟಾಯದಲ್ಲೇ ಮೊದಲನೆಯ ಹೊಗೆಯಿಲ್ಲದ ಒಲೆ ಎಂದು ಬ್ಲಾಕಿನ ಗ್ರಾಮಸೇವಿಕೆ ಜೇಡಿಮಣ್ಣಿನಲ್ಲಿ ಕಟ್ಟಿ, ಮಾಡಿನಾಚೆಗೆ ಮಣ್ಣಿನ ಕೊಳವೆ ನಿಲ್ಲಿಸಿ, ತರಬೇತಿಗೆಂದು ಅರಕಲಗೂಡಿಗೆ ಹೋಗಿಬಿಟ್ಟಿದ್ದಳು. ಹಟ ಹಿಡಿದು ಕಟ್ಟಿಸಿಕೊಂಡವಳು ನಂಜಮ್ಮ. ಹಳೆಯ ಒಲೆ ಒಡೆಸಿದವಳೂ ಅವಳೇ.

“ಸರ್ಕಾರದ ಒಲೆ ಅಲ್ವಾ, ಒಗೇನೂ ಸರ್ಕಾರದ್ದೇ ಬತ್ತದೆ,” ಎಂದರು ಅತ್ತೆ ಚಿಕ್ಕಲಕ್ಷ್ಮಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು. “ಮಧ್ಯಾಹ್ನದೊಳಗೆ ಇದು ಸರಿ ಓಗ್ನಿಲ್ಲ ಅಂದ್ರೆ ಆರೆ ತಕ್ಕಂಡು ನಾನೇ ಒಡೆದಾಕ್ತೀನಿ ಕಣೆ.”

ನಂಜಮ್ಮ ಲಕ್ಕಯ್ಯನಿಗೆ ಹೇಳಿಕಳಿಸಿದಳು. ಸುತ್ತಲ ಊರುಗಳ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸುವ ಒಲೆ ಕಟ್ಟುವವನು ಅವನು. ಎಂಥ ಹಟಮಾರಿ ಉರಿಯೂ ಅವನ ಮಾತು ಕೇಳುತ್ತದೆ ಎನ್ನುತ್ತಿದ್ದರು. ಊರಾಚೆಯ ಕೇರಿಯವನಾದ್ದರಿಂದ ಹಿತ್ತಲಿಂದಲೇ ಬಂದ. ಯಾರನ್ನೂ ಏನೂ ಕೇಳದೆ ಗೋಡೆಗೆ ಏಣಿ ಒರಗಿಸಿ ಅಡಿಗೆಮನೆಯ ಹೆಂಚಿನ ಮೇಲೆ ಹತ್ತಿದ.

ಸ್ವಲ್ಪ ಹೊತ್ತಿಗೆ ಅವನ ದನಿ ಕೊಳವೆಯೊಳಗಿಂದ ಇಳಿದುಬಂತು.

“ಅವ್ವಾ, ಕೊಳವೆ ಗಿಡ್ಡ ಆಗದೆ. ಮಾಡಿನ ನೆತ್ತಿಗಿಂತ ತಗ್ಗು. ಆಸಾಡದ ಗಾಳಿ ಎಂಚಿಗೆ ಬಡ್ದು ಒಗೇನ ವಾಪಸ್ ಒಳಕ್ಕೇ ತಳ್ತದೆ. ಇನ್ನೆರಡು ಕೊಳವೆ ಏರಿಸ್ತೀನಿ. ಅಷ್ಟೊತ್ಗೆ ನೀವು ಒಲೆ ಹಿಂದ್ಲ ತೂತಿಗೆ ಕೈ ಆಕಿ ನೋಡಿ. ಮುಷ್ಟಿ ಓಯ್ತದಾ?”

“ಎರಡು ಬೆರಳು ಓಯ್ತದೆ, ಅಷ್ಟೆ.”

“ಅಲ್ಲೇ ಕಟ್ಕಂಡದೆ. ಕೆರೀರಿ.”

ಲಕ್ಕಯ್ಯ ಒಳಗೆ ಬಂದಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ. ಅದನ್ನು ಅವನೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ನಂಜಮ್ಮ ಕುಡುಗೋಲಿನ ತುದಿಯಿಂದ ಮಣ್ಣು ಕೆರೆದಳು, ಮೊಣಕೈವರೆಗೂ ಮಸಿಯಾಯಿತು. ಕೊನೆಗೆ ಮುಷ್ಟಿ ಸಲೀಸಾಗಿ ಒಳಹೊಕ್ಕಿತು. “ಕೊಳವೆ ತಣ್ಣಗದೆ, ಮೊದ್ಲು ಅದರ ಬುಡದಲ್ಲಿ ಒಂದಿಡಿ ಉಲ್ಲು ಉರ್ಸಿ, ಬೆಚ್ಚಗಾದ್ಮೇಲೆ ಸೌದೆ ಆಕಿ,” ಎಂದಿತು ಮೇಲಿನ ದನಿ. ಹಾಗೇ ಮಾಡಿದಳು. ಉರಿ ಒಂದು ಗಳಿಗೆ ಅತ್ತಿತ್ತ ಹೊಯ್ದಾಡಿ, ಯಾರೋ ಕೈಹಿಡಿದು ಎಳೆದ ಹಾಗೆ ತೂತಿನ ಕಡೆಗೆ ವಾಲಿತು. ಅಡಿಗೆಮನೆ ತಿಳಿಯಾಗುತ್ತ ಬಂತು. ನಂಜಮ್ಮ ಕೈ ತೊಳೆಯುವುದನ್ನೂ ಮರೆತು ನಿಂತಿದ್ದಳು. ಅತ್ತೆ ಅಕ್ಕಿಗೆ ಎಸರಿಟ್ಟರು.

ಅನ್ನ ಕುದಿಯುವ ಹೊತ್ತಿಗೆ ಏಣಿ ಇಳಿಯುವ ಸದ್ದಾಯಿತು. ನಂಜಮ್ಮ ಹಿತ್ತಲ ಬಾಗಿಲಿಗೆ ಓಡಿದಳು.

“ಲಕ್ಕಯ್ಯ, ಎಳೀತು! ಒಂದೆಳೆ ಒಗೆ ಇಲ್ಲ!”

ಅವನ ಮುಖವೆಲ್ಲ ನಗೆಯಾಯಿತು. ಹೆಗಲ ವಸ್ತ್ರದಲ್ಲಿ ಕೈಯೊರೆಸಿಕೊಳ್ಳುತ್ತ ಹೇಳಿದ: “ನಮ್ಮ ಎಂಡ್ರು ಸುಬ್ಬಮ್ಮಂಗೂ ಇಂಥದೊಂದು ಕಟ್ಕೊಡಾನ ಅಂತ ಅದೆ ಅವ್ವ. ಉರಿ ಎಷ್ಟು ವಾಲ್ತದೆ ಅಂತ ಒಂದ್ಸಲ ಕಂಡ್ರೆ ಅಳತೆ ಸಿಕ್ತದೆ. ಒಳಕ್ಕೆ ಬರಾಕಿಲ್ಲ. ನೀವು ವಸಿ ಪಕ್ಕಕ್ಕೆ ನಿಂತ್ಕಂಡ್ರೆ ಇಲ್ಲಿಂದ್ಲೇ ನೋಡ್ತೀನಿ.”

ಬಾಗಿಲು ಅವಳ ಬೆನ್ನ ಹಿಂದೆ ತೆರೆದೇ ಇತ್ತು. ಎರಡು ಹೆಜ್ಜೆ ಸರಿದರೆ ಸಾಕಿತ್ತು.

“ಅನ್ನ ಬೇಯ್ತಾ ಅದೆ ಕಣೆ,” ಒಳಗಿಂದ ಅತ್ತೆಯ ದನಿ ಬಂತು. ಜೋರಾಗಿಯೂ ಇರಲಿಲ್ಲ. “ಅವನ ಕಣ್ಣು ಬಿದ್ದಾತು. ಬಾಗ್ಲು ಎಳ್ಕೋ.”

ನಂಜಮ್ಮ ಪಕ್ಕಕ್ಕೆ ಸರಿಯಲಿಲ್ಲ. ಹಿಂದಕ್ಕೆ ಕೈ ಚಾಚಿ ಬಾಗಿಲು ಎಳೆದುಕೊಂಡಳು. ಎಳೆದದ್ದು ತನ್ನದೇ ಕೈ ಎಂದು ತಿಳಿದದ್ದು ಕದ ಚೌಕಟ್ಟಿಗೆ ತಾಗಿ ಟಕ್ಕೆಂದಾಗ. ಲಕ್ಕಯ್ಯ ಬಾಗಿಲ ಕಡೆಗೂ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ; ಕತ್ತೆತ್ತಿ ಕೊಳವೆಯ ತುದಿ ನೋಡಿದ.

“ಓಗ್ಲಿ ಬುಡಿ. ಅಂದಾಜಿನ ಮೇಲೇ ಕಟ್ತೀನಿ,” ಎಂದ.

ಅವಳು ಹಿತ್ತಲಲ್ಲಿ ಮುತ್ತುಗದೆಲೆ ಹಾಸಿ ಅದೇ ಒಲೆಯಲ್ಲಿ ಹೊಗೆಯಿಲ್ಲದೆ ಬೆಂದ ಮೊದಲ ಅನ್ನ ಬಡಿಸಿದಳು. ಸಾರಿನ ಮೇಲೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು, ಮತ್ತೊಂದು ಹಾಕಲು ಹೋದಳು. “ಸಾಕು ಅವ್ವ,” ಎಂದು ಅವನು ಎಲೆಗೆ ಕೈ ಅಡ್ಡ ಹಿಡಿದ. ತಲೆ ತಗ್ಗಿಸಿಕೊಂಡೇ ಉಂಡೆದ್ದು ಹೋದ.

ಆಮೇಲೆ ಊರ ಹೆಂಗಸರು ಒಬ್ಬೊಬ್ಬರಾಗಿ ಒಲೆ ನೋಡಲು ಬಂದರು. ಬಗ್ಗಿ ನೋಡಿದರು, ತೂತಿಗೆ ಕೈ ಹಿಡಿದು ನೋಡಿದರು, ಅನ್ನದ ಪಾತ್ರೆಯ ಮುಚ್ಚಳ ತೆಗೆದೂ ನೋಡಿದರು. ಮೂರನೆಯ ದಿನ ಪಕ್ಕದ ಮನೆಯ ಮಲ್ಲಿಗಮ್ಮ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೇಳಿದಳು: “ಲಕ್ಕಯ್ಯನ್ನ ಕರ್ಸಿದ್ರಂತೆ? ಇಲ್ಲಿಗಂಟ ಬುಟ್ಕಂಡ್ರಾ?”

ಬಿಟ್ಟುಕೊಳ್ಳಬೇಕಾಗಿತ್ತು, ತಪ್ಪು ಮಾಡಿದೆ ಎಂದು ಯಾರೊಡನಾದರೂ ಹೇಳಿಕೊಳ್ಳಬೇಕೆಂದು ನಂಜಮ್ಮ ಮೂರು ದಿನದಿಂದ ಒಳಗೇ ಬೇಯುತ್ತಿದ್ದಳು. ಬಾಯಿ ತೆರೆದಳು.

“ಅಯ್ಯೋ, ಎಲ್ಲಾದ್ರೂ ಉಂಟಾ ಮಲ್ಲಿಗಕ್ಕ! ನಾನೇ ಬಾಗ್ಲು ಎಳ್ಕಂಡಿದ್ದೆ.”

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಚಿಕ್ಕಲಕ್ಷ್ಮಮ್ಮ ತಲೆಯೆತ್ತಿ ಸೊಸೆಯನ್ನು ನೋಡಿ, ಮೆಚ್ಚಿ ನಕ್ಕರು. ಆ ಮನೆಗೆ ಕಾಲಿಟ್ಟ ಆರು ವರ್ಷದಲ್ಲಿ ಅತ್ತೆ ಅವಳನ್ನು ನೋಡಿ ಹಾಗೆ ನಕ್ಕದ್ದು ಅದೇ ಮೊದಲು.