ಎರವಲು ದನಿ

ಮೂರನೆಯ ಸಲ ಗಂಟೆ ಒತ್ತಿದಾಗ ಒಳಗಿನಿಂದ "ಬಂದೆ" ಎಂಬ ದನಿ ಕೇಳಿಸಿತು. ಓರ್ಸೊಲಾ ಗಂಟೆಯಿಂದ ಕೈ ತೆಗೆದಳು. ಹನ್ನೊಂದು ಚಿತ್ರಗಳಲ್ಲಿ ಇಟಲಿಯ ಜನ ಅವಳದೆಂದೇ ನಂಬಿದ್ದ ದನಿ ಅದು.

ಬಾಗಿಲು ತೆರೆದ ಡೆಲ್ಫೀನಾಗೆ ಎಪ್ಪತ್ತೈದು ದಾಟಿರಬಹುದು. ಅವಳ ಮುಖವನ್ನು ಓರ್ಸೊಲಾ ನೋಡುತ್ತಿದ್ದುದು ಅದೇ ಮೊದಲು. ನಟಿ ಕ್ಯಾಮೆರಾದ ಮುಂದೆ ಬಾಯಾಡಿಸುವುದು, ತಿಂಗಳುಗಳು ಕಳೆದ ಮೇಲೆ ರೋಮಿನ ಸ್ಟುಡಿಯೋದಲ್ಲಿ ಇನ್ನೊಬ್ಬಳು ಆ ತುಟಿ ನೋಡಿಕೊಂಡು ಮಾತು ತುಂಬುವುದು, ಇದು ಆಗಿನ ಪದ್ಧತಿ. ಇಬ್ಬರೂ ಭೇಟಿಯಾಗುವ ಪ್ರಸಂಗವೇ ಬರುತ್ತಿರಲಿಲ್ಲ.

"ಓ, ನನ್ನ ತುಟಿ ಬಂತು," ಎಂದಳು ಡೆಲ್ಫೀನಾ. "ಬನ್ನಿ ಒಳಗೆ. ಬಟಾಣಿ ಬಿಡಿಸ್ತಾ ಇದ್ದೆ, ನೀವೂ ಕೈ ಹಾಕಿ."

ಓರ್ಸೊಲಾಗೆ ನಗು ಬರಲಿಲ್ಲ. ಅವಳ ಕೈಚೀಲದಲ್ಲಿ ಒಂದು ಲಕೋಟೆಯಿತ್ತು. ಅಂಚೆಗೆ ಹಾಕುವ ಮೊದಲು ಈ ಹೆಂಗಸಿನ ಕ್ಷಮೆ ಬೇಕಾಗಿತ್ತು. ಕ್ಷಮಿಸದಿದ್ದರೂ ಹಾಕಿಯೇ ಹಾಕುವುದೆಂದು ನಿರ್ಧರಿಸಿಕೊಂಡು ಬಂದಿದ್ದಳು.

ಅಡುಗೆಮನೆಯ ಮೇಜಿನ ಎದುರು ಕೂತು, ಸಿಪ್ಪೆ ಬಿಡಿಸುತ್ತಲೇ ಓರ್ಸೊಲಾ ಹೇಳತೊಡಗಿದಳು. ಅವಳು ಕಡಲ ದಡದ ಕಿಯೊಜ್ಜಾ ಊರಿನವಳು, ಬೆಸ್ತರ ಮನೆಯ ಹುಡುಗಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೋಮಿಗೆ ಬಂದಾಗ ಮೊದಲ ನಿರ್ಮಾಪಕ ಅವಳ ಉಚ್ಚಾರ ಕೇಳಿ, ಮುಖ ಮಾತೆ ಮರಿಯಳದು, ಬಾಯಿ ಮೀನು ಮಾರುವವಳದು ಎಂದು ಎಲ್ಲರೆದುರು ಆಡಿಕೊಂಡಿದ್ದ. ಅಂದಿನಿಂದ ಅವಳ ದನಿಯನ್ನು ಯಾರೂ ಬಳಸಲಿಲ್ಲ. ಅವಳು ಅತ್ತರೂ ನಕ್ಕರೂ ಡೆಲ್ಫೀನಾಳ ಗಂಟಲಿನಿಂದಲೇ.

ಆಮೇಲೆ ಆ ಕಡಲ ಚಿತ್ರ. ಮುಳುಗಿಹೋದ ಮಗನನ್ನು ತಾಯಿಯೊಬ್ಬಳು ದಡದಲ್ಲಿ ನಿಂತು ಕರೆಯುವ ದೃಶ್ಯ. ಚಿತ್ರಕಥೆಯಲ್ಲಿದ್ದ ಹೆಸರು ಅಂತೋನಿಯೊ. ಕ್ಯಾಮೆರಾ ತಿರುಗಿದಾಗ ಓರ್ಸೊಲಾಳ ಬಾಯಿಂದ ತನ್ನೂರಿನ ತಾಯಂದಿರು ಕರೆಯುವಂತೆ "ತೋನಿ" ಎಂದು ಬಂದುಬಿಟ್ಟಿತು. ನಿರ್ದೇಶಕ ಬೈದ, ಹೇಗೂ ದನಿ ಬೇರೆ ಹಾಕುತ್ತೇವಲ್ಲ ಎಂದು ಸುಮ್ಮನಾದ. ಚಿತ್ರ ತೆರೆಕಂಡಾಗ ಪತ್ರಿಕೆಗಳೆಲ್ಲ ಆ "ತೋನಿ"ಯ ಬಗ್ಗೆಯೇ ಬರೆದವು. ತನ್ನ ತಪ್ಪನ್ನೂ ತುಟಿಯಿಂದ ಓದಿ ದನಿಯಾಗಿಸಿದ ಆ ಕಾಣದ ಹೆಂಗಸಿಗೆ ಓರ್ಸೊಲಾ ಮನಸ್ಸಿನಲ್ಲೇ ಕೈಮುಗಿದಿದ್ದಳು. ಆದರೆ ಆ ಕೂಗನ್ನು ಕೇಳುವ ಧೈರ್ಯ ಅವಳಿಗೆ ಬರಲೇ ಇಲ್ಲ. ದೃಶ್ಯ ಹತ್ತಿರವಾದರೆ ಸಾಕು, ಎದ್ದು ಚಿತ್ರಮಂದಿರದ ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದಳು.

ಓರ್ಸೊಲಾಗೆ ಆ ವರ್ಷದ ನಟಿಯ ಪ್ರಶಸ್ತಿ ಬಂದದ್ದು ಆ ಒಂದು ಕೂಗಿಗೆ. ತೀರ್ಪುಗಾರರು ಹಾಗೆಂದೇ ಬರೆದಿದ್ದರು.

"ವೇದಿಕೆ ಮೇಲೆ ಕೇಳಿದರು, ಆ ಕೂಗು ಎಲ್ಲಿಂದ ತಂದಿರಿ ಅಂತ," ಎಂದಳು ಓರ್ಸೊಲಾ. "ನನ್ನ ಎದೆಯೊಳಗಿಂದ ಅಂದೆ, ಸಿನ್ಯೋರಾ. ನಾಚಿಕೆ ಇಲ್ಲದೆ ಅಂದೆ. ನಿಮ್ಮ ಹೆಸರು ನಾಲಿಗೆ ತುದಿಯಲ್ಲಿತ್ತು, ನುಂಗಿಕೊಂಡೆ."

ಡೆಲ್ಫೀನಾಳ ಬೆರಳು ನಿಂತಿತು. "ಅದಕ್ಕೇನಾ ನೀವು ನಟನೆ ಬಿಟ್ಟಿದ್ದು?"

ಹೌದು, ಅದಕ್ಕೇ. ಎರಡು ವರ್ಷದೊಳಗೆ ಓರ್ಸೊಲಾ ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಆಮೇಲೆ ಏಳು ಚಿತ್ರ ನಿರ್ದೇಶಿಸಿದಳು. ಯಾವುದರಲ್ಲೂ ಒಬ್ಬರ ತುಟಿಗೆ ಇನ್ನೊಬ್ಬರ ಮಾತು ಅಂಟಿಸಲಿಲ್ಲ. ತೊದಲುವವನು ತೊದಲಿದ, ಹಳ್ಳಿಯವಳು ಹಳ್ಳಿಯ ಮಾತೇ ಆಡಿದಳು. ನಿರ್ಮಾಪಕರು ತಲೆ ಚಚ್ಚಿಕೊಂಡರು, ವಿಮರ್ಶಕರು ಅದನ್ನು ಸಿದ್ಧಾಂತವೆಂದು ಹೊಗಳಿದರು. ಅದು ಬರೀ ಪ್ರಾಯಶ್ಚಿತ್ತವೆಂಬುದು ಅವಳೊಬ್ಬಳಿಗೇ ಗೊತ್ತಿತ್ತು. ನಟಿಸೆಂದು ಕರೆದವರನ್ನೆಲ್ಲ ವಾಪಸು ಕಳಿಸಿದಳು. ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಮುಖಕ್ಕೆ ಬಣ್ಣ ಹಚ್ಚಲಿಲ್ಲ. ನಟನೆ ಬಿಡುವಾಗ ಮಾತ್ರ ಮನೆಯ ಜೀವವೊಂದನ್ನು ಮಣ್ಣು ಮಾಡಿ ಬಂದಂತಾಗಿತ್ತು.

ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪ್ರಶಸ್ತಿ ಹಿಂದಿರುಗಿಸುತ್ತಿದ್ದೇನೆ, ಅದು ಡೆಲ್ಫೀನಾ ಎಂಬವರಿಗೆ ಸಲ್ಲಬೇಕಾದದ್ದು ಎಂದು ಅದರಲ್ಲಿ ಬರೆದಿದ್ದಳು. ಒಂದು ಪ್ರತಿ ಪತ್ರಿಕೆಗೂ ಹೋಗುವುದಿತ್ತು.

ಡೆಲ್ಫೀನಾ ಕನ್ನಡಕ ಹಾಕಿಕೊಂಡು ಓದಿದಳು. ಮುಖ ಬಿಳಿಚಿಕೊಂಡಿತು.

"ಇದನ್ನ ಹಾಕಬೇಡಿ."

"ಹಾಕಲೇಬೇಕು. ನಿಮ್ಮ ಜೀವಮಾನದ ಹೆಸರು ನಾನು ತಿಂದಿದ್ದೀನಿ."

"ನನಗೆ ಹೆಸರು ಸಿಕ್ಕಿತ್ತು," ಎಂದಳು ಮುದುಕಿ ಮೆಲ್ಲಗೆ. "ಜನಕ್ಕೆ ಗೊತ್ತಿಲ್ಲದಿದ್ರೂ ಸ್ಟುಡಿಯೋದವರಿಗೆಲ್ಲ ಗೊತ್ತಿತ್ತು, ತೋನಿ ಅಂತ ಕೂಗಿದವಳು ಇವಳೇ ಅಂತ. ಅದಾದ ಮೇಲೆ ಒಂದು ದಿನ ಕೆಲಸ ಇಲ್ಲದೆ ಕೂತಿಲ್ಲ ನಾನು. ಮಗಳನ್ನ ಸಾಕಿದ್ದು ಅದರಿಂದಲೇ."

"ಹಾಗಾದರೆ ನಾಲ್ಕು ಜನರಿಗೂ ಗೊತ್ತಾಗಲಿ. ನಿಮಗೆ ನನ್ನ ಮೇಲೆ ಸಿಟ್ಟಿಲ್ಲವಾ?"

ಡೆಲ್ಫೀನಾ ಎದ್ದಳು. ಕಿಟಕಿಯ ಹತ್ತಿರ ಹೋದಳು, ತಿರುಗಿ ಬಂದಳು, ಕುರ್ಚಿಯ ಬೆನ್ನು ಹಿಡಿದು ನಿಂತಳು. ಅಷ್ಟು ಚಿತ್ರಗಳಲ್ಲಿ ಒಮ್ಮೆಯೂ ಒಡೆಯದ ದನಿ ಈಗ ಒಡೆಯಿತು.

"ನೀನು ನನ್ನ ಹತ್ರ ಕ್ಷಮೆ ಕೇಳ್ತೀಯಲ್ಲ ಮಗಳೇ. ನೀನು ಬಿಟ್ಟು ಹೋದೆ ಅಂತ ಪೇಪರಲ್ಲಿ ಓದಿದ ದಿನವೇ ಬಂದು ಹೇಳಬೇಕಾಗಿತ್ತು ನಾನು. ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು, ಬಾಯಿ ಮುಚ್ಕೊಂಡೆ. ಆ ದೃಶ್ಯಕ್ಕೆ ದನಿ ಹಾಕೋ ದಿನ ನನ್ನ ಮಗಳಿಗೆ ದಡಾರ ಎದ್ದಿತ್ತು. ಮಗು ಬಿಟ್ಟು ಹೊರಡೋಕಾಗಲಿಲ್ಲ. ದನಿ ಹಿಡಿಯೋ ಮುದುಕ, ಶೂಟಿಂಗ್ ದಿನ ಕಡಲ ದಡದಲ್ಲಿ ಗುರುತಿಗೆ ಅಂತ ಹಿಡಿದಿದ್ದ ಟೇಪನ್ನೇ ಗುಟ್ಟಾಗಿ ಹಾಗೇ ಬಿಟ್ಟುಬಿಟ್ಟ."

ಅವಳು ಓರ್ಸೊಲಾಳ ಗಂಟಲನ್ನು ಎರಡು ಬೆರಳಿನಿಂದ ಮುಟ್ಟಿದಳು.

"ಆ ಕೂಗು ನಿಂದೇ ಕಣೇ."